ಎಣ್ಣೆ ಹಚ್ಚದೆ ಒಡೆದ ಗೇರುಬೀಜ

ಗೋಡಂಬಿ ವ್ಯಾಪಾರ ನಿನಗೆ ಎಷ್ಟಕ್ಕೆ ಬಿತ್ತು ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಒಂದೇ ಉತ್ತರವಿದೆ: ನನ್ನ ಅಕ್ಕ ನಂಜಮ್ಮನ ಹತ್ತು ಬೆರಳುಗಳಿಗೆ ಬಿತ್ತು. ಬೆರಳು ಕತ್ತರಿಸಿ ಬೀಳಲಿಲ್ಲ. ನೋಡುವವರಿಗೆ ಹತ್ತೂ ಕೊನೆಯವರೆಗೆ ಇದ್ದವು. ಹೋದದ್ದು ಅವುಗಳ ತುದಿಯಲ್ಲಿದ್ದ ಸ್ಪರ್ಶ. ಯಾಕೆ ಹೋಯಿತೆಂದರೆ, ಬೀಜ ಒಡೆಯುವ ಮುಂಚೆ ಅವಳು ಕೈಗೆ ಹರಳೆಣ್ಣೆ ಹಚ್ಚಿಕೊಳ್ಳಲಿಲ್ಲ. ಹಚ್ಚದಿದ್ದರೆ ಏನಾಗುತ್ತದೆ ಎಂದು ಗೊತ್ತಿದ್ದ ನಾನು ಬಾಯಿ ಬಿಡಲಿಲ್ಲ. ಸಂತೆಯಲ್ಲಿ ಕಲ್ಲನ್ನೂ ಮಾತಾಡಿಸಿ ದರ ಇಳಿಸುತ್ತಾನೆ ಎಂದು ಹೆಸರು ತೆಗೆದುಕೊಂಡವನು ನಾನು. ಆ ದಿನ ಆಡಬೇಕಾದ ಒಂದು ಮಾತನ್ನು ನುಂಗಿದೆ.

ಈ ಕಸುಬಿಗೆ ಹೊಸದಾಗಿ ಇಳಿಯುವವರು ನನ್ನ ಹತ್ತಿರ ಬರುತ್ತಾರೆ. ಕಾಳು ಬೆಳ್ಳಗೆ ಬರಬೇಕಾದರೆ ಏನು ಮಾಡಬೇಕು, ಮೂಟೆಯಲ್ಲಿ ಮೋಸ ಹೇಗೆ ಹಿಡಿಯಬೇಕು ಎಂದು ಕೇಳುತ್ತಾರೆ. ಹೇಳುತ್ತೇನೆ, ಹೇಳುವುದಕ್ಕೆ ನನಗೆ ಬೇಸರವಿಲ್ಲ. ಆದರೆ ಅವರು ಕೇಳದೆ ಬಿಡುವುದನ್ನೂ ಹೇಳಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ನಾವು ಕೊಯಮತ್ತೂರು ಸೀಮೆಯ ಕಾರಮಡೈ ಪಕ್ಕದ ನೇಕಾರ ಬೀದಿಯವರು. ಕನ್ನಡನಾಡಿನಿಂದ ಎಷ್ಟು ತಲೆಮಾರಿನ ಹಿಂದೆ ಬಂದೆವೋ ಯಾರಿಗೂ ಗೊತ್ತಿಲ್ಲ. ಹೊಸ್ತಿಲ ಒಳಗೆ ಕನ್ನಡ, ಹೊಸ್ತಿಲ ಆಚೆ ತಮಿಳು. ಮನೆಯಲ್ಲಿ ಕನ್ನಡ ಆಡುವವರೇ ಎಲ್ಲ, ಕನ್ನಡ ಓದುವವರು ಮಾತ್ರ ಇಲ್ಲವೆಂದೇ ಹೇಳಬೇಕು. ನಮ್ಮ ಕುಲದ ಗುರುಮನೆಯಿಂದ ವರ್ಷಕ್ಕೊಮ್ಮೆ ಒಬ್ಬ ಅಯ್ಯನವರು ಬಂದು ಒಂದು ತಿಂಗಳು ಉಳಿಯುತ್ತಿದ್ದರು. ಅವರ ಕಾಲು ಒತ್ತಿ ನಾನು ಅಕ್ಷರ ಕಲಿತೆ. ಆ ಅಕ್ಷರವೇ ನನ್ನನ್ನು ಮಗ್ಗದಿಂದ ಎಬ್ಬಿಸಿ ಕೊಯಮತ್ತೂರಿನ ಮಂಡಿಗೆ ಕಳಿಸಿತು. ಮೂವತ್ತರ ದಶಕದ ಮೊದಲ ವರ್ಷಗಳು ಅವು. ಅಲ್ಲಿನ ಒಂದು ಮಂಡಿಗೆ ಮಂಗಳೂರಿನ ಕಡೆಯ ಗೇರು ವ್ಯಾಪಾರಿಗಳಿಂದ ಕನ್ನಡದಲ್ಲಿ ಕಾಗದ ಬರುತ್ತಿತ್ತು, ಓದುವವರಿರಲಿಲ್ಲ. ಓದಿ ಹೇಳಲು ನನ್ನನ್ನು ಇಟ್ಟುಕೊಂಡರು. ಯಜಮಾನರನ್ನು ಎಲ್ಲರೂ ಮೊದಲಾಳಿ ಎನ್ನುತ್ತಿದ್ದರು. ಅವರ ಮಾತೆಲ್ಲ ತಮಿಳು. ಇಲ್ಲಿ ನನ್ನ ಕನ್ನಡದಲ್ಲಿ ಕೊಡುತ್ತೇನೆ, ಬೈಗುಳದ ರುಚಿ ಸ್ವಲ್ಪ ಕಡಿಮೆಯಾದರೆ ಕ್ಷಮಿಸಿ.

ಮೊದಲು ಮರ ನೋಡಿ ಬಾ ಎಂದು ಮೊದಲಾಳಿ ನನ್ನನ್ನು ಬೆಟ್ಟದ ಬುಡಕ್ಕೆ ಕಳಿಸಿದರು. ಅದು ಒಳ್ಳೆಯ ಬುದ್ಧಿ. ನೀವೂ ಹಾಗೇ ಮಾಡಿ. ಮರ ನೋಡದೆ ಬೀಜ ಕೊಳ್ಳಬೇಡಿ. ಗೇರು ಕಲ್ಲುಮಣ್ಣಿನಲ್ಲೂ ಬರುತ್ತದೆ. ಬೇರು ನಿಂತ ಮೇಲೆ ನೀರು ಕೇಳುವುದಿಲ್ಲ. ಆದರೆ ಬುಡದಲ್ಲಿ ನೀರು ನಿಂತರೆ ಸಾಯುತ್ತದೆ. ಬೀಜವನ್ನು ಇರುವ ಜಾಗದಲ್ಲೇ ಊರುವುದು ಮೇಲು, ಕಿತ್ತು ನೆಟ್ಟರೆ ಮುನಿಸಿಕೊಳ್ಳುತ್ತದೆ. ಮೂರನೆಯ ನಾಲ್ಕನೆಯ ವರ್ಷಕ್ಕೆ ಹೂವು. ನಮ್ಮ ಕಡೆ ಮಾರ್ಗಳಿ, ತೈ ತಿಂಗಳಲ್ಲಿ, ಎಂದರೆ ಸಂಕ್ರಾಂತಿಯ ಹಿಂದೆ ಮುಂದೆ, ಸಣ್ಣ ಸಣ್ಣ ಗೊಂಚಲು, ಬಿಳಿಗೆ ಕೆಂಪು ಗೀರು ಎಳೆದ ಹಾಗೆ. ಆ ಹೊತ್ತಿಗೆ ಮೋಡ ಕವಿದರೆ ಹೂವು ಕರಕಲು. ಬಿಸಿಲು ಇದ್ದರೆ ಮೊದಲು ಹಸಿರು ಬೀಜ ದಪ್ಪವಾಗುತ್ತದೆ, ಅದರ ಬೆನ್ನಿಗೆ ಹಣ್ಣು ಉಬ್ಬುತ್ತದೆ. ಹಣ್ಣು ಎನ್ನುವುದು ನಿಜವಾಗಿ ತೊಟ್ಟು ಊದಿಕೊಂಡದ್ದು. ಫಲವೆಲ್ಲ ಹೊರಗೆ ನೇತಾಡುವ ಆ ಬೂದುಬಣ್ಣದ ಬೀಜವೇ. ಸೊಕ್ಕಿನವನ ಹಾಗೆ ಹೊರಗೇ ನಿಂತಿರುತ್ತದೆ. ಮುಟ್ಟಿದರೆ ಗೊತ್ತಾಗುತ್ತದೆ ಸೊಕ್ಕಿಗೆ ಕಾರಣ: ಸಿಪ್ಪೆಯ ಒಳಗೆ ಜೇನುಗೂಡಿನಂಥ ತೂತುಗಳಲ್ಲಿ ಕರಿ ಎಣ್ಣೆ. ಅದು ಚರ್ಮವನ್ನು ತಿನ್ನುತ್ತದೆ. ಕಾಳನ್ನು ಕಾಯಲಿಕ್ಕೆ ದೇವರು ಇಟ್ಟ ಕಾವಲು ಅದು.

ಮರ ನೋಡಿ ಬಂದವನು ಬುದ್ಧಿವಂತನಾದೆ ಅಂದುಕೊಂಡೆ. ಆ ವರ್ಷವೇ ಒಬ್ಬ ತೋಟದವನ ಜೊತೆ ಬೀಜ ಮರದ ಮೇಲಿರುವಾಗಲೇ ಬೆಲೆ ಮಾತಾಡಿ, ಬೇಗ ಬೇಗ ಕೊಡು ಎಂದು ಅವಸರ ಮಾಡಿದೆ. ಹಣ್ಣಾಗಿ ತಾನೇ ಉದುರಿದ ಬೀಜವನ್ನು ಹೆಕ್ಕಬೇಕು. ಅವನು ಕೋಲು ತೆಗೆದುಕೊಂಡು ಬಡಿದು ಕೆಡವಿದ. ಮೂಟೆ ಮಂಡಿಗೆ ಬಂತು. ಮೊದಲಾಳಿ ಒಂದು ತೊಟ್ಟಿ ನೀರು ತರಿಸಿ ಒಂದು ಮೊರ ಬೀಜ ಸುರಿದರು. ಅರ್ಧಕ್ಕರ್ಧ ತೇಲಿತು.

"ಏನಪ್ಪಾ ನೇಕಾರಾ," ಎಂದರು, "ನೂಲಾದರೆ ಎಳೆ ಎಳೆ ಎಳೆದು ನೋಡ್ತೀಯ. ಬೀಜ ಅಂದ್ರೆ ಮೂಟೆ ಮುಖ ನೋಡಿ ಕೈ ಮುಗಿದು ತಗೊಂಡು ಬಂದೆಯಾ?"

"ನೋಡೋಕೆ ದಪ್ಪ ಇತ್ತು, ಮೊದಲಾಳಿ."

"ನಿನ್ನ ಮಾವನೂ ದಪ್ಪ ಇದ್ದಾನೆ. ತೊಟ್ಟಿಗೆ ಹಾಕಿ ನೋಡೋಣವಾ?"

ಮಂಡಿಯೆಲ್ಲ ನಕ್ಕಿತು. ಆ ನಗೆ ನನಗೆ ಮಾಡಿದ ಉಪಕಾರ ಸಣ್ಣದಲ್ಲ. ಅಂದಿನಿಂದ ನೀರಿಗೆ ಹಾಕದೆ ಬೀಜ ಕೊಂಡಿಲ್ಲ. ಮುಳುಗಿದ್ದು ತುಂಬಿದ್ದು, ತೇಲಿದ್ದು ಪೊಳ್ಳು. ಪೋತ್ತನೂರು ಜಂಕ್ಷನ್ನಿನಲ್ಲಿ ಮಲಬಾರಿನ ಮೂಟೆ ಇಳಿಯುವಾಗ ಮೊಣಕೈವರೆಗೆ ತೋಳು ತೂರಿಸಿ ನಡುವಿನ ಬೀಜ ತೆಗೆಯುತ್ತಿದ್ದೆ. ಅಂಚಿನದು ಯಾವಾಗಲೂ ಒಣಗಿರುತ್ತದೆ, ಮಳೆಯಲ್ಲಿ ನೆಂದ ಸುಳ್ಳು ನಡುವೆ ಕೂತಿರುತ್ತದೆ. ಕೈಯಲ್ಲಿ ಕುಲುಕಿದರೆ ಒಣಗಿದ ಬೀಜ ಗಲಗಲ ಎನ್ನುತ್ತದೆ. ಕುಲುಕಿದರೂ ಮಾತಾಡದ ಬೀಜ ಬೂಸ್ಟು ಹಿಡಿಯುವ ಬೀಜ.

ಆಮೇಲೆ ಹುರಿಯುವ ಕೆಲಸ ನನ್ನ ಕೈಗೆ ಬಂತು. ಮಂಡಿಯ ಹಿತ್ತಲಲ್ಲಿ ದೊಡ್ಡ ಕಬ್ಬಿಣದ ಬಾಣಲೆ, ಕೆಳಗೆ ಬೆಂಕಿ. ಬೀಜ ಕಾದರೆ ಸಿಪ್ಪೆಯ ಎಣ್ಣೆ ಹೊರಬಂದು ತಾನೇ ಹೊತ್ತಿಕೊಳ್ಳುತ್ತದೆ. ಉದ್ದ ಕೋಲಿನಲ್ಲಿ ತಿರುವುತ್ತಾ ಇರಬೇಕು. ಆ ಹೊಗೆ ಕಣ್ಣಿಗೆ ಬಿದ್ದರೆ ಮೂರು ದಿನ ನಿದ್ದೆಯಿಲ್ಲ. ಸರಿಯಾದ ಹೊತ್ತಿಗೆ ಮಣ್ಣಿನ ಮೇಲೆ ಸುರಿದು ನೀರು ಚಿಮುಕಿಸಬೇಕು. ಪಾಲಘಾಟಿನಿಂದ ಬಂದ ಇಬ್ಬರು ಮುದುಕಿಯರು ಅದನ್ನು ಮರದ ಸುತ್ತಿಗೆಯಿಂದ ಒಡೆಯುತ್ತಿದ್ದರು. ಕೈಗೆ ಮೊದಲು ಹರಳೆಣ್ಣೆ, ಮೇಲೆ ಬೂದಿ, ಗಳಿಗೆಗೊಮ್ಮೆ ಮತ್ತೆ ಎಣ್ಣೆ. ಒಂದೇ ಪೆಟ್ಟು, ಕಾಳು ಇಡಿಯಾಗಿ ಹೊರಗೆ.

ಕಾಳು ಕಂದು ಬಣ್ಣಕ್ಕೆ ತಿರುಗಿದರೆ ಬೆಲೆ ಇಳಿಯುತ್ತಿತ್ತು. ಬೆಳ್ಳಗಿದ್ದರೆ ಮೊದಲಾಳಿಯ ಮುಖ ಅರಳುತ್ತಿತ್ತು. ನಾನು ಯೋಚಿಸಿದೆ: ಬೆಂಕಿಯಿಂದ ಬೇಗ ಇಳಿಸಿದರೆ? ಸಿಪ್ಪೆ ಅರ್ಧ ಮಾತ್ರ ಹುರಿದಿರುತ್ತದೆ, ಒಳಗಿನ ಕಾಳು ಹಾಲಿನ ಹಾಗೆ ಇರುತ್ತದೆ. ಮಾಡಿ ನೋಡಿದೆ, ಹಾಗೇ ಆಯಿತು. ಕೊಯಮತ್ತೂರಿನ ಮಿಠಾಯಿ ಅಂಗಡಿಗಳು ನಮ್ಮ ಮಂಡಿಯನ್ನು ಹುಡುಕಿಕೊಂಡು ಬಂದವು. ಮೊದಲಾಳಿ ಎಲ್ಲರ ಮುಂದೆ ನನ್ನ ಬೆನ್ನು ತಟ್ಟಿದರು. ಮುದುಕಿಯರು ಮಾತ್ರ ಸಿಪ್ಪೆಯಿಂದ ಒಸರುವ ಹಸಿ ಎಣ್ಣೆಯನ್ನು ನೋಡಿ ಸುತ್ತಿಗೆ ಕೆಳಗಿಟ್ಟರು.

"ಮೋನೆ, ಇದು ಬೇಯದ ಬೀಜ," ಎಂದಳು ಅವರಲ್ಲಿ ಹಿರಿಯಳು, ಮಗನೇ ಎಂದು ತನ್ನ ಮಲಯಾಳದಲ್ಲಿ ಕರೆದು. "ನಿನಗೆ ಬಿಳಿ ಕಾಳು, ನಮಗೆ ಕರಿ ಕೈ. ಬೇಡ." ಅದೇ ವಾರ ಇಬ್ಬರೂ ರೈಲು ಹತ್ತಿದರು. ನಾನು ಅವರನ್ನು ಮೈಗಳ್ಳರು ಎಂದೆ. ಮೂವತ್ತು ವರ್ಷ ಬೀಜ ಒಡೆದವರು ಕೆಲಸ ಬಿಟ್ಟು ಹೋಗುತ್ತಾರೆಂದರೆ ಯಾಕೆಂದು ಕೇಳಬೇಡವೇ? ಕೇಳಲಿಲ್ಲ.

ಎರಡನೆಯ ಎಚ್ಚರಿಕೆ ಗಿರಾಕಿಯ ರೂಪದಲ್ಲಿ ಬಂತು. ಆಗ ಗೋಡಂಬಿ ಈಗಿನ ಹಾಗೆ ಎಲ್ಲರ ಮನೆಗೆ ಬರುತ್ತಿರಲಿಲ್ಲ. ನಾನು ಅದರ ಗುಣ ಹೇಳಿಯೇ ಮಾರುತ್ತಿದ್ದೆ. ಊರಿನ ನಾಟಿ ವೈದ್ಯರು ಜ್ವರ ಬಿಟ್ಟು ಸೊರಗಿದವರಿಗೆ ಐದಾರು ಕಾಳು ನೆನೆಸಿ ಅರೆದು ಹಾಲಿನಲ್ಲಿ ಕೊಡಿ ಎನ್ನುತ್ತಿದ್ದರು. ಅದು ಸರಿಯಾದ ಮಾತು: ಗೋಡಂಬಿಯಲ್ಲಿ ಕೊಬ್ಬಿದೆ, ಮೈ ಕಟ್ಟುವ ಸತ್ವವಿದೆ, ಸ್ವಲ್ಪದಲ್ಲೇ ಹಸಿವು ಅಡಗುತ್ತದೆ. ನಾನು ಅದಕ್ಕೆ ರೆಕ್ಕೆ ಪುಕ್ಕ ಕಟ್ಟಿದೆ. ಬುದ್ಧಿ ಚುರುಕಾಗುತ್ತದೆ ಎಂದೆ, ಮೂಳೆ ಕಬ್ಬಿಣವಾಗುತ್ತದೆ ಎಂದೆ. ಗಿರಣಿ ಕೆಲಸದವನ ಹೆಂಡತಿಯೊಬ್ಬಳು ಸೆರಗಲ್ಲಿ ಬಾಯಿ ಮುಚ್ಚಿಕೊಂಡು, "ಅಣ್ಣಾ, ನಮ್ಮೋರು ರಾತ್ರಿ ಪಾಳಿ. ಬಂದು ಬಿದ್ರೆ ಕುಂಭಕರ್ಣ. ಇದು ತಿಂದ್ರೆ ಏಳ್ತಾರಾ?" ಎಂದು ಕೇಳಿದಳು. "ಏಳೋದೇನು, ಕುಣೀತಾರೆ ತಂಗೀ," ಎಂದು ಪೊಟ್ಟಣ ಕಟ್ಟಿಕೊಟ್ಟೆ.

ಎರಡು ದಿನ ಬಿಟ್ಟು ಅವಳೇ ಬಂದಳು. ಗಂಡನಿಗೆ ಕೊಡುವ ಮುಂಚೆ ತಾನೇ ರುಚಿ ನೋಡಿದ್ದಳು, ತುಟಿಯ ಸುತ್ತ ಬೊಕ್ಕೆ ಎದ್ದು ಮಾತಾಡಲು ಆಗುತ್ತಿರಲಿಲ್ಲ. ಅರ್ಧ ಹುರಿದ ಸಿಪ್ಪೆಯ ಎಣ್ಣೆ ಕಾಳಿಗೆ ತಾಗಿತ್ತು. ನನಗೆ ನೋಡಿದ ಕೂಡಲೇ ತಿಳಿಯಿತು. "ನಿನ್ನದು ಉಷ್ಣದ ಮೈ ತಂಗೀ, ಎಳನೀರು ಕುಡಿ," ಎಂದೆ. ಅವಳು ನಂಬಿ ಹೋದಳು. ಔಷಧಿಯ ಮಾತಾಡುವ ವ್ಯಾಪಾರಿಯ ಕೈಯಲ್ಲಿ ಇಂಥ ಅಡಗುದಾಣಗಳು ಬೇಕಾದಷ್ಟಿವೆ. ತಪ್ಪು ಸರಕಿನದಾದರೂ ಕೊಂಡವರ ಮೈಯ ಮೇಲೆ ಹಾಕಬಹುದು.

ಒಡೆಯುವವರು ಬೇಕಿತ್ತು. ಆಗ ನಮ್ಮ ಬೀದಿ ನೆನಪಾಯಿತು. ಗಿರಣಿ ಬಟ್ಟೆ ಬಂದು ಕೈಮಗ್ಗದ ಬಟ್ಟೆ ಕೇಳುವವರಿಲ್ಲದೆ, ನೂಲು ಕೊಡುವವರಿಲ್ಲದೆ, ಬೀದಿಯ ಮಗ್ಗಗಳೆಲ್ಲ ಬಾಯಿ ಮುಚ್ಚಿ ಕೂತಿದ್ದವು. ಅಕ್ಕನ ಮನೆಯ ಮಗ್ಗ ನಿಂತು ಐದು ತಿಂಗಳಾಗಿತ್ತು.

ಅಕ್ಕನ ವಿಷಯ ಹೇಳಬೇಕು. ಮಗ್ಗದಲ್ಲಿ ಹಳೆಯ ಹಾಸು, ಎಂದರೆ ಉದ್ದುದ್ದಕ್ಕೆ ಕಟ್ಟಿದ ನೂಲು, ಮುಗಿದಾಗ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಎಳೆಯ ತುದಿಗೆ ಸೇರಿಸಬೇಕು. ಗಂಟು ಹಾಕುವಂತಿಲ್ಲ, ಹೆಬ್ಬೆರಳು ತೋರುಬೆರಳ ನಡುವೆ ಹೊಸೆದು ಒಂದು ಮಾಡಬೇಕು. ಸಾವಿರಾರು ಎಳೆ. ಇದಕ್ಕೆ ಅಚ್ಚು ಕೆಚ್ಚುವುದು ಎನ್ನುತ್ತೇವೆ. ಬೆರಳಿಗೆ ಚಿಟಿಕೆ ಬೂದಿ ಹಚ್ಚಿಕೊಂಡು ಕೂತರೆ ಅಕ್ಕನ ಕಣ್ಣು ಬಾಗಿಲ ಕಡೆ, ಬಾಯಿ ಎದುರುಮನೆಯವರ ಕಡೆ, ಬೆರಳು ಮಾತ್ರ ನೂಲಿನ ಮೇಲೆ. ಹೊಸೆದ ಜಾಗ ಎಲ್ಲಿದೆ ಎಂದು ನೇಯುವವನಿಗೂ ತಿಳಿಯುತ್ತಿರಲಿಲ್ಲ. ಬೀದಿಯಲ್ಲಿ ಯಾರ ಮನೆಯಲ್ಲಿ ಹಾಸು ಏರಿಸಿದರೂ ನಂಜಕ್ಕನಿಗೆ ಕರೆ. ವೀಳ್ಯ ಕೊಟ್ಟು ಕರೆಯುತ್ತಿದ್ದರು, ಮದುವೆಗೆ ಕರೆದ ಹಾಗೆ.

ಒಂದು ಗಾಡಿ ಅರ್ಧ ಹುರಿದ ಬೀಜ ತೆಗೆದುಕೊಂಡು ನಾನು ಅವಳ ತಿಣ್ಣೆಯ ಮುಂದೆ ಇಳಿದೆ. ಬೀದಿಯ ಹೆಂಗಸರು ಕೂಡಿದರು.

"ಏನ್ಡಾ ರುದ್ರಾ, ಮೂಟೆ ಮೂಟೆ?" ಎಂದಳು ಅಕ್ಕ.

"ಮುಂದಿರಿ ಕೊಟ್ಟೆ ಅಕ್ಕಾ. ಒಡೆಯೋ ವೇಲೆ ತಂದಿದ್ದೀನಿ." ನಮ್ಮ ಬೀದಿಯ ಮಾತಿನಲ್ಲಿ ಗೇರುಬೀಜಕ್ಕೆ ಮುಂದಿರಿ ಕೊಟ್ಟೆ, ಕೆಲಸಕ್ಕೆ ವೇಲೆ.

"ತಲೆ ಒಡೆಯೋ ವೇಲೆ ಅಂತ ತಿಳ್ಕೊಂಡೆ," ಎಂದ ಭಾವ ಮಾದಪ್ಪ, ಬಾಗಿಲಿಗೆ ಒರಗಿಕೊಂಡು. "ಅದಾದ್ರೆ ನಾನೂ ಬತ್ತಿದ್ದೆ. ನೂಲಿನ ಸಾವ್ಕಾರನಿಂದ ಸುರು ಮಾಡ್ತಿದ್ದೆ."

ಎಲ್ಲರೂ ನಕ್ಕರು. ನಾನು ಜೇಬಿನಿಂದ ಮಂಗಳೂರಿನ ಕಾಗದ ತೆಗೆದೆ. ಒಡೆಸುವ ಕ್ರಮ ತಿಳಿಸಿ ಎಂದು ನಾನೇ ಬರೆದು ಕೇಳಿದ್ದೆ. ಅಲ್ಲಿನ ವ್ಯಾಪಾರಿ ಒಳ್ಳೆಯ ಮನುಷ್ಯ, ವಿವರವಾಗಿ ಬರೆದಿದ್ದ. ಅಕ್ಷರ ಬಲ್ಲವನ ಗತ್ತಿನಲ್ಲಿ ಗಟ್ಟಿಯಾಗಿ ಓದಿದೆ: "ಒಡೆಯುವವರು ಕೈಗೆ ಹರಳೆಣ್ಣೆಯನ್ನು ಚೆನ್ನಾಗಿ ಹಚ್ಚಿ, ಮೇಲೆ ಬೂದಿ ಹಚ್ಚತಕ್ಕದ್ದು."

"ಎಣ್ಣೇನಾ?" ಅಕ್ಕ ಎದ್ದೇ ನಿಂತಳು. "ಏನ್ಡಾ, ನೀನು ನೇಕಾರರ ಹೊಟ್ಟೇಲಿ ತಾನೇ ಹುಟ್ಟಿದ್ದು? ಎಣ್ಣೆ ಕೈ ನೂಲಿಗೆ ತಾಗಿದ್ರೆ ಗಂಜಿ ಹಿಡೀತದಾ? ಬಣ್ಣ ಹಿಡೀತದಾ?"

ನೇಕಾರರ ಮನೆಯಲ್ಲಿ ಇದು ಹಾಲು ಕುಡಿಯುವಾಗಲೇ ಕಲಿಸುವ ಪಾಠ. ಎಣ್ಣೆಸ್ನಾನದ ದಿನ ಮಗ್ಗದ ಹತ್ತಿರ ಹೋಗುವಂತಿಲ್ಲ. ಒಗ್ಗರಣೆ ಹಾಕಿದ ಕೈಯನ್ನು ಸೀಗೆಪುಡಿಯಲ್ಲಿ ಉಜ್ಜದೆ ಲಾಳಿ ಮುಟ್ಟುವಂತಿಲ್ಲ.

"ಮಗ್ಗ ನಿಂತಿದೆಯಲ್ಲ ಅಕ್ಕಾ."

"ನಿಂತಿದೆ, ಸತ್ತಿಲ್ಲ. ಹೊತ್ತಾರೆ ನೂಲು ಬಂತು ಅಂದ್ರೆ? ದಿನಾ ಎಣ್ಣೇಲಿ ಊರಿದ ಕೈ ಒಂದು ಉಜ್ಜಿಗೆ ಹೋಗ್ತದಾ? ಬೂದಿ ಸಾಕು. ಇಪ್ಪತ್ತು ವರ್ಷದಿಂದ ಬೂದಿ ಹಚ್ತಾ ಇದೀನಿ. ಏನಾಗಿದೆ ನೋಡು ಈ ಬೆರಳಿಗೆ?"

ಹತ್ತೂ ಬೆರಳು ನನ್ನ ಮುಖದ ಮುಂದೆ ಹಿಡಿದಳು. ಸುತ್ತಲಿದ್ದ ಹೆಂಗಸರೆಲ್ಲ ಹೌದೆಂದು ತಲೆಯಾಡಿಸಿ, ಆಮಾ ಆಮಾ, ಬೂದಿಯೇ ಸಾಕು ಎಂದರು.

ಆ ಕಾಗದದಲ್ಲಿ ಮುಂದಿನ ಸಾಲು ಇತ್ತು. "ಎಣ್ಣೆ ಇಲ್ಲದೆ ಒಡೆದರೆ ಚರ್ಮ ಬೆಂದು ಸುಲಿಯುತ್ತದೆ, ಸರಿಯಾಗಿ ಹುರಿಯದ ಬೀಜವಾದರೆ ಇನ್ನೂ ಕೆಟ್ಟದ್ದು" ಎಂದು ಇತ್ತು. ನನ್ನ ಕಣ್ಣು ಆ ಸಾಲಿನ ಮೇಲೇ ಇತ್ತು. ಓದಿದ್ದರೆ ಅವರು ಬೀಜ ಮುಟ್ಟುತ್ತಿರಲಿಲ್ಲ. ಗಾಡಿ ಹಾಗೇ ತಿರುಗಿ ಹೋಗಬೇಕಿತ್ತು, ಮೊದಲಾಳಿ ಮತ್ತೆ ಮಂಡಿಯ ಮುಂದೆ ನನ್ನನ್ನು ನಗೆಪಾಟಲು ಮಾಡುತ್ತಿದ್ದರು. ನಾನು ಕಾಗದ ಮಡಿಸಿದೆ.

"ಸರಿ ಅಕ್ಕಾ, ನಿನ್ನಿಷ್ಟ," ಎಂದೆ.

ನಿನ್ನಿಷ್ಟ ಎಂದು ವ್ಯಾಪಾರಿ ಹೇಳಿದರೆ ಎಚ್ಚರವಾಗಿರಿ. ನನ್ನ ಆಯುಷ್ಯದಲ್ಲಿ ನಾನು ಆ ಮಾತನ್ನು ಎದುರಿನವರಿಗೆ ನಷ್ಟವಾಗುವಾಗ ಮಾತ್ರ ಆಡಿದ್ದೇನೆ.

ಮೊದಲ ದಿನ ಏನೂ ಆಗಲಿಲ್ಲ. ಈ ಸಿಪ್ಪೆಯ ಎಣ್ಣೆಯ ಗುಣವೇ ಅದು. ಕೂಡಲೇ ಉರಿದರೆ ಯಾರೂ ಎರಡನೆಯ ಬೀಜ ಮುಟ್ಟುವುದಿಲ್ಲ. ಎರಡನೆಯ ದಿನ ತುರಿಕೆ, ಬೆರಳ ತುದಿ ಕಂದು. ಎದುರುಮನೆಯವರು ಅಲ್ಲಿಗೇ ಬಿಟ್ಟರು. ಅಕ್ಕ ಬಿಡಲಿಲ್ಲ, ತಮ್ಮ ತಂದ ಕೆಲಸ ಎಂದು. ಐದನೆಯ ದಿನ ನಾನು ಕಾಳು ತೆಗೆದುಕೊಂಡು ಹೋಗಲು ಬಂದಾಗ ಅವಳು ಕೈಯನ್ನು ಸೆರಗಿನ ಒಳಗೆ ಇಟ್ಟುಕೊಂಡೇ ಮಾತಾಡಿದಳು. ಎಡಗಣ್ಣಿನ ರೆಪ್ಪೆ ಊದಿ ಮುಚ್ಚಿತ್ತು. ಮರೆತು ಆ ಕೈಯಲ್ಲೇ ಕಣ್ಣು ಒರೆಸಿಕೊಂಡಿದ್ದಳು.

"ಕೈ ತೋರ್ಸು ಅಕ್ಕಾ."

"ಏನಿಲ್ಲಡಾ. ಬೂದಿ ಹಿಡಿದಿದೆ ಅಷ್ಟೇ."

ನಾನೇ ಸೆರಗು ಸರಿಸಿದೆ. ಬೆರಳ ತುದಿಗಳು ಸುಟ್ಟ ಬದನೆಯ ಸಿಪ್ಪೆಯ ಹಾಗೆ ಕಪ್ಪಾಗಿ ಮೇಲೆದ್ದಿದ್ದವು. ಬೆರಳ ಸಂದಿಯಲ್ಲೆಲ್ಲ ನೀರುಬೊಕ್ಕೆ. ಬಲಗೈ ಹೆಬ್ಬೆರಳಿನ ಚರ್ಮ ಸುಲಿದು ಒಳಗಿನ ಕೆಂಪು ಕಾಣುತ್ತಿತ್ತು.

ಆ ದಿನವೇ, ಐದು ತಿಂಗಳ ಮೇಲೆ, ನೂಲು ಬಂದಿತ್ತು. ಒಳಗೆ ಗೋಡೆಗೆ ಒರಗಿಸಿ ಹೊಸ ಹಾಸಿನ ಸುರುಳಿ ಇಟ್ಟಿದ್ದರು. ಮದುವೆಯ ಸೀರೆಗಳ ಹಾಸು. ಸಾವ್ಕಾರನ ಆಳು ಕಡ್ಡಿ ಮುರಿದ ಹಾಗೆ ಹೇಳಿ ಹೋಗಿದ್ದ: ಶುಕ್ರವಾರದ ಹೊತ್ತಿಗೆ ಮಗ್ಗ ಓಡುತ್ತಿರಬೇಕು, ಇಲ್ಲದಿದ್ದರೆ ಹಾಸು ಮೇಲಿನ ಬೀದಿಗೆ. ನಡುವೆ ಎರಡೇ ದಿನ. ಈ ಹಾಸು ನೇಯ್ದರೆ ಮುಂದಿನದೂ ಬರುತ್ತದೆ. ಇದು ಹೋದರೆ ಆ ಮನೆಯ ಹೆಸರು ಸಾವ್ಕಾರನ ಬಾಯಿಂದ ಹೋಯಿತು.

ನಾನು ಓಡಿಹೋಗಿ ವೈದ್ಯರನ್ನು ಕರೆತಂದೆ. ಅವರು ಮಜ್ಜಿಗೆಯಲ್ಲಿ ತೊಳೆಸಿ, ಕೊಬ್ಬರಿ ಎಣ್ಣೆಯನ್ನು ಧಾರಾಳವಾಗಿ ಹಚ್ಚಿ ಬಟ್ಟೆ ಸುತ್ತಬೇಕು, ಒಂದು ತಿಂಗಳು ಕೈ ಏನೂ ಮುಟ್ಟಬಾರದು ಎಂದರು.

"ಎಣ್ಣೆ ಹಚ್ಚಬೇಡಿ ಸಾಮಿ," ಎಂದು ಅಕ್ಕ ಕೈ ಹಿಂದಕ್ಕೆ ಎಳೆದುಕೊಂಡಳು. "ಹಾಸು ಬಂದಿದೆ. ಕೆಚ್ಚಿ ಮುಗಿಸ್ತೀನಿ. ಆಮೇಲೆ ಎಣ್ಣೆ ಹಚ್ಚೋದೇನು, ಗಾಣದೊಳಗೇ ಹೋಗಿ ಕೂತ್ಕೋತೀನಿ."

ಮಾರನೆಯ ಬೆಳಗ್ಗೆ ಅವಳು ಮಗ್ಗದ ಮುಂದೆ ಕೂತಳು. ಬೂದಿಯ ಬಟ್ಟಲಿಗೆ ಬೆರಳು ಅದ್ದಿದಾಗ ಹಲ್ಲು ಕಡಿದದ್ದು ನನಗೆ ಕೇಳಿಸಿತು. ಹಳೆಯ ಎಳೆ, ಹೊಸ ಎಳೆ, ಎರಡನ್ನೂ ಹಿಡಿದು ಹೊಸೆದಳು. ಬಿಟ್ಟರೆ ಬಿಚ್ಚಿಕೊಂಡಿತು. ಮತ್ತೆ ಹೊಸೆದಳು. ಒಡೆದ ಬೊಕ್ಕೆಯ ನೀರಿಗೆ ಎಳೆ ಅಂಟಿಕೊಂಡು ಬೆರಳ ಜೊತೆಗೇ ಬಂತು. ಅಕ್ಕ ಆವರೆಗೆ ಕೆಚ್ಚುವಾಗ ನೂಲನ್ನು ನೋಡಿದವಳೇ ಅಲ್ಲ. ಆ ದಿನ ಮೂಗು ತಾಗುವಷ್ಟು ಬಗ್ಗಿ, ಊದಿದ ಕಣ್ಣನ್ನು ಬಿಡಿಸಿ ಬಿಡಿಸಿ ನೋಡಿದಳು. ಹಿಡಿದಿದ್ದೇನೋ ಇಲ್ಲವೋ ಎಂದು ಅವಳಿಗೆ ತಿಳಿಯುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಲವತ್ತು ಎಳೆಯೂ ಆಗಿರಲಿಲ್ಲ. ಆದ ಕಡೆಯೆಲ್ಲ ನೂಲಿನ ಮೇಲೆ ಕೆಂಪು ಚುಕ್ಕಿ.

ನಮ್ಮ ಬೀದಿಯ ಹೆಂಗಸರ ಬೆರಳೂ ಬೀಜ ಮುಟ್ಟಿ ಕೆಟ್ಟಿದ್ದವು, ಮೇಲಿನ ಬೀದಿಯಿಂದ ಯಾರನ್ನಾದರೂ ಕರೆಯೋಣ ಎಂದೆ. ಭಾವ ಹೋಗಿ ಬಂದ. ಅವರು ಬರಲಿಲ್ಲ. ಯಾಕೆ ಬರುತ್ತಾರೆ? ಇಲ್ಲಿ ಆಗದಿದ್ದರೆ ಹಾಸು ಅವರ ಬೀದಿಗೇ ಹೋಗುವುದಿತ್ತು.

ಶುಕ್ರವಾರ ಸಾವ್ಕಾರನ ಆಳು ಬಂದು ಚುಕ್ಕಿ ಬಿದ್ದ ಎಳೆಗಳನ್ನು ಕತ್ತರಿಸಿ ಬಿಸಾಡಿ, ಹಾಸನ್ನು ಸುತ್ತಿ ಹೆಗಲಿಗೆ ಹಾಕಿಕೊಂಡು ಹೋದ. ಭಾವ ಬೀದಿಯ ಕೊನೆಯವರೆಗೆ ಅದನ್ನೇ ನೋಡುತ್ತಾ ನಿಂತಿದ್ದವನು ನನ್ನ ಕಡೆ ತಿರುಗಿದ.

"ರುದ್ರಪ್ಪಾ, ಆ ಕಾಗದದಲ್ಲಿ ಎಣ್ಣೆ ಹಚ್ಚು ಅಂತ ಬರೆದಿತ್ತು."

"ಆಮಾ ಭಾವ. ಓದಿ ಹೇಳಿದೆನಲ್ಲ."

"ಹೇಳ್ದೆ. ಯಾಕೆ ಹಚ್ಚಬೇಕು ಅಂತ ಬರೆದಿರಲಿಲ್ವಾ?"

ನಾನು ಕಾಗದವಿದ್ದ ಜೇಬನ್ನು ಕೈಯಿಂದ ಮುಚ್ಚಿಕೊಂಡೆ.

"ನಮಗೆ ಓದಕ್ಕೆ ಬರಲ್ಲಪ್ಪಾ," ಎಂದ ಅವನು, ಬೈಯಲೂ ಇಲ್ಲ. "ನಿನಗೆ ಬತ್ತದೆ ಅಂತ ಬೀದಿಗೆಲ್ಲ ಪೆರುಮೆ ಇತ್ತು."

ಅಕ್ಕನ ಕೈ ಮಾಗಲು ಎರಡು ತಿಂಗಳು ಹಿಡಿಯಿತು. ಹೊಸ ಚರ್ಮ ಬಂತು. ಗೆರೆಯಿಲ್ಲದ, ನುಣುಪಾದ, ಹೊಳೆಯುವ ಚರ್ಮ. ಅದರ ಮೇಲೆ ನೂಲು ಜಾರುತ್ತಿತ್ತು. ಒಂದೆರಡು ಮನೆಯವರು ಹಳೆಯ ಗೌರವಕ್ಕೆ ವೀಳ್ಯ ಕೊಟ್ಟು ಕರೆದರು. ಕೆಚ್ಚಿದ್ದು ನೇಯುವಾಗ ಬಿಟ್ಟುಕೊಂಡಿತು. ಆಮೇಲೆ ವೀಳ್ಯ ಬರಲಿಲ್ಲ. ಭಾವ ಧಾರಾಪುರಂ ಕಡೆ ಯಾರದೋ ಮಗ್ಗದಲ್ಲಿ ಕೂಲಿಗೆ ಹೋದ.

ಅಷ್ಟರಲ್ಲಿ ನಾನು ಮಂಡಿ ಬಿಟ್ಟು ಬೀಜ ಹುರಿದು ಒಡೆಸಲು ನನ್ನದೇ ಕೊಟ್ಟಿಗೆ ಹಾಕಿದ್ದೆ. ಬೀಜ ಪೂರ್ತಿ ಹುರಿಯುತ್ತಿದ್ದೆ, ಎಣ್ಣೆಯ ಬಟ್ಟಲು ಒಬ್ಬೊಬ್ಬರ ಮುಂದೆ ಒಂದೊಂದು. ಕಾಳು ಸ್ವಲ್ಪ ಕಂದಾದರೂ ಮಾರಿತು. ಅರ್ಧ ಹುರಿಯುವ ಅಗತ್ಯವೇ ಇರಲಿಲ್ಲ ಎಂದು ಆಗ ತಿಳಿಯಿತು. ಒಂದು ದಿನ ಅಕ್ಕ ಕೊಟ್ಟಿಗೆಯ ಬಾಗಿಲಲ್ಲಿ ಬಂದು ನಿಂತಳು. ನೇರವಾಗಿ ಒಳಗೆ ಬಂದು, ಒಡೆಯುವವರ ಸಾಲಿನಲ್ಲಿ ಕೂತು, ಎರಡೂ ಕೈಯನ್ನು ಮಣಿಕಟ್ಟಿನವರೆಗೆ ಹರಳೆಣ್ಣೆಯಲ್ಲಿ ಅದ್ದಿದಳು.

"ಅಕ್ಕಾ, ನೀನ್ಯಾಕೆ ಇಲ್ಲಿ..."

"ಇನ್ನು ಯಾವ ನೂಲು ಕೆಡ್ತದೆ?" ಎಂದಳು. "ಸುತ್ತಿಗೆ ಕೊಡು."

ಆರಲು ಬಿಡದೆ ಬೆಚ್ಚಗಿನ ಬೀಜವನ್ನೇ ತೆಗೆದು ಒಡೆದಳು. ಬೇರೆಯವರು ಆ ಬಿಸಿಗೆ ಕೈ ಇಡುತ್ತಿರಲಿಲ್ಲ. ಅವಳ ಬೆರಳಿಗೆ ಅದು ತಿಳಿಯುತ್ತಿರಲಿಲ್ಲ. ಬೆಚ್ಚಗಿರುವಾಗ ಸಿಪ್ಪೆ ಸಲೀಸಾಗಿ ಬಿಡುತ್ತದೆ, ಕಾಳು ಒಡೆಯುವುದಿಲ್ಲ. ಹನ್ನೊಂದು ವರ್ಷ ಅವಳು ನನ್ನ ಕೊಟ್ಟಿಗೆಯಲ್ಲಿ ಕೂತಳು. ಅವಳಷ್ಟು ಇಡಿ ಕಾಳು ತೆಗೆದವರು ನನ್ನಲ್ಲಿ ಇನ್ನೊಬ್ಬರಿರಲಿಲ್ಲ. ಕೈ ಕೆಟ್ಟ ಅಕ್ಕನಿಗೆ ದಾರಿ ಮಾಡಿಕೊಟ್ಟ ಎಂದು ಬಂಧುಗಳು ನನ್ನನ್ನು ಹೊಗಳಿದರು. ನಾನು ಇಲ್ಲ ಎನ್ನಲಿಲ್ಲ. ಆ ಸಾಲು ಓದದೆ ಬಿಟ್ಟೆ ಎಂದು ಅವಳಿಗೆ ಹೇಳಲೂ ಇಲ್ಲ. ಭಾವ ಹೇಳಿದ್ದನೋ ಏನೋ, ಅವಳು ಕೇಳಲಿಲ್ಲ.

ಈಗ ಕಸುಬಿಗೆ ಇಳಿಯುವವರಿಗೆ ನಾಲ್ಕು ಮಾತು. ಬೀಜವನ್ನು ನೀರಿಗೆ ಹಾಕಿ ಕೊಳ್ಳಿ, ಬಿಸಿಲಿನಲ್ಲಿ ಎರಡು ಮೂರು ದಿನ ಒಣಗಿಸಿ ಇಡಿ. ಈಗ ಹುರಿಯುವುದಕ್ಕೆ ತಿರುಗುವ ಪೀಪಾಯಿ ಬಂದಿದೆ, ಹಬೆಯಲ್ಲಿ ಬೇಯಿಸುವವರಿದ್ದಾರೆ. ಯಾವುದಾದರೂ ಸರಿ, ಬೆಳ್ಳಗಿನ ಕಾಳಿನ ಆಸೆಗೆ ಅರ್ಧಕ್ಕೆ ಇಳಿಸಬೇಡಿ. ಗೋಡಂಬಿ ಔಷಧಿ ಎಂದು ಮಾರಬೇಡಿ. ಒಳ್ಳೆಯ ಆಹಾರ ಎಂದು ಮಾರಿ. ದಿನಕ್ಕೆ ಏಳೆಂಟು ಕಾಳು ಸಾಕು, ಹೆಚ್ಚು ತಿಂದರೆ ಹೊಟ್ಟೆ ಭಾರ, ಕೆಲವರಿಗೆ ಒಂದು ಕಾಳೂ ಆಗುವುದಿಲ್ಲ, ಬಾಯಿ ಗಂಟಲು ಊದಿಕೊಳ್ಳುತ್ತದೆ. ಅದನ್ನೂ ಹೇಳಿಯೇ ಕೊಡಿ. ಒಡೆಯುವವರಿಗೆ ಎಣ್ಣೆ ಹಚ್ಚಿ ಎಂದು ಹೇಳಿ ಸುಮ್ಮನಾಗಬೇಡಿ, ಯಾಕೆ ಎಂದು ಹೇಳಿ. ಹೇಳಿದ ಮೇಲೂ ಒಲ್ಲೆ ಎಂದರೆ ಈ ಕೈ ಬೇರೆ ಏನು ಕೆಲಸ ಮಾಡುತ್ತದೆ ಎಂದು ಕೇಳಿ. ನೂಲಿನವರು, ಹೂ ಕಟ್ಟುವವರು ಎಣ್ಣೆಗೆ ಒಪ್ಪದಿರಲು ಕಾರಣವಿರುತ್ತದೆ. ಅಂಥವರಿಗೆ ಸುತ್ತಿಗೆ ಕೊಡಬೇಡಿ, ಸಿಪ್ಪೆ ತೆಗೆದ ಕಾಳು ಆರಿಸುವ ಕೆಲಸ ಕೊಡಿ.

ಇನ್ನೊಂದು. ಬಿಸಿ ಬೀಜವನ್ನು ಅಳುಕಿಲ್ಲದೆ ಹಿಡಿಯುವ ಕೈ ಎಂದಾದರೂ ನಿಮಗೆ ಸಿಕ್ಕಿದರೆ, ಒಳ್ಳೆಯ ಕೆಲಸದವರು ಸಿಕ್ಕಿದರು ಎಂದು ಸಂತೋಷಪಡಬೇಡಿ. ಆ ಬೀಜವನ್ನು ಅವರ ಕೈಯಿಂದ ತೆಗೆದುಕೊಂಡು ಕೆಳಗಿಡಿ, ಅದು ಆರುವವರೆಗೆ ಅವರ ಜೊತೆ ಕೂತಿರಿ.